ಮೈನಸ್ 20 ಡಿಗ್ರಿಯಲ್ಲಿ ಲಾರಿ ಸ್ಟಾರ್ಟ್ ಆಗಬೇಕಾ? ಹಿಂದಿನ ಸಂಜೆಯೇ ಕೆಲಸ ಶುರು ಮಾಡಿ

ಚಳಿಗಾಲದ ಬೆಳಿಗ್ಗೆ ಬಚ್ಚಲಮನೆಯ ಗೂಡಿನಲ್ಲಿರುವ ಕೊಬ್ಬರಿ ಎಣ್ಣೆ ಬಾಟಲಿಯನ್ನು ಬೋರಲು ಹಾಕಿ ನೋಡಿ. ಒಂದು ಹನಿಯೂ ಇಳಿಯುವುದಿಲ್ಲ, ಅಲ್ವಾ? ಲಡಾಖಿನ ದ್ರಾಸ್‌ನಲ್ಲಿ ಜನವರಿ ರಾತ್ರಿ ನಿಲ್ಲಿಸಿದ ಲಾರಿಯ ಟ್ಯಾಂಕಿನಲ್ಲೂ ಹೆಚ್ಚುಕಮ್ಮಿ ಇದೇ ಆಗುತ್ತದೆ. ಡೀಸೆಲ್‌ನಲ್ಲಿ ಒಂದಿಷ್ಟು ಮೇಣದ ಅಂಶ ಇದ್ದೇ ಇರುತ್ತದೆ. ಚಳಿ ಏರಿದಂತೆ ಅದು ಮೊದಲು ಮಬ್ಬಾಗಿ ಕಾಣುತ್ತದೆ, ಆಮೇಲೆ ಸಣ್ಣ ಹರಳಾಗುತ್ತದೆ. ಆ ಹರಳು ಹೋಗಿ ಫಿಲ್ಟರ್‌ನಲ್ಲಿ ಕೂತುಬಿಟ್ಟರೆ ಟ್ಯಾಂಕ್ ತುಂಬ ಡೀಸೆಲ್ ಇದ್ದರೂ ಎಂಜಿನ್‌ಗೆ ಉಪವಾಸ.

ಇದರ ಜೊತೆಗೆ ಬೇರೆ ತಾಪತ್ರಯಗಳೂ ಇವೆ. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಜೋರಾಗಿ ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಎಂಜಿನ್ನಿನ ಕಬ್ಬಿಣವೆಲ್ಲ ಕೊರೆಯುತ್ತಿದ್ದರೆ ಆ ಬಿಸಿಯನ್ನು ಅದೇ ಹೀರಿಕೊಳ್ಳುತ್ತದೆ. ಮೈನಸ್ 18ರ ಹೊತ್ತಿಗೆ ಬ್ಯಾಟರಿಯ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ. ಎಂಜಿನ್ ಆಯಿಲ್ ಜೋನಿಬೆಲ್ಲದ ಹಾಗೆ ಆಗಿರುತ್ತದೆ. ಸಾಲದ್ದಕ್ಕೆ 3,000 ಮೀಟರ್‌ಗೂ ಮೇಲಿನ ತೆಳು ಗಾಳಿ. ಹೀಗಾಗಿ ಬೆಳಿಗ್ಗೆ ಎದ್ದು ಸೆಲ್ಫ್ ಹೊಡೆಯುತ್ತಾ ಕೂರುವ ಬದಲು ಹಿಂದಿನ ದಿನವೇ ತಯಾರಿ ಆಗಬೇಕು.

ಮೊದಲು ಡೀಸೆಲ್ ಸರಿಮಾಡಿ

ಬಯಲು ಸೀಮೆಯ ಬಂಕ್‌ಗಳ ಡೀಸೆಲ್ ಮೈನಸ್ ಚಳಿಗೆ ಮಾಡಿದ್ದಲ್ಲ. ನಮ್ಮ ದೇಶದ ಮಾನದಂಡದ ಪ್ರಕಾರ ಬೇಸಿಗೆಯ ಡೀಸೆಲ್ 18 ಡಿಗ್ರಿವರೆಗೆ, ಚಳಿಗಾಲದ್ದು 6 ಡಿಗ್ರಿವರೆಗೆ ಫಿಲ್ಟರ್ ದಾಟಿ ಹೋದರೆ ಸಾಕು. ಅದಕ್ಕಿಂತ ಕೆಳಗೆ ಗ್ಯಾರಂಟಿ ಇಲ್ಲ. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಕಂಪನಿ ಲಡಾಖಿಗೆಂದೇ ವಿಂಟರ್ ಡೀಸೆಲ್ ತಂದಿತು. ಪಾಣಿಪತ್ ರಿಫೈನರಿಯಲ್ಲಿ ತಯಾರಾಗುವ ಇದು ಮೈನಸ್ 33 ಡಿಗ್ರಿಯಲ್ಲೂ ಹರಿಯುತ್ತದೆ.

ಆದರೆ ಜಮ್ಮುವಿನಲ್ಲೇ ಟ್ಯಾಂಕ್ ಫುಲ್ ಮಾಡಿಕೊಂಡು ಬಂದರೆ ವಿಂಟರ್ ಡೀಸೆಲ್ ಹಾಕಿಸಲು ಜಾಗವೇ ಇರುವುದಿಲ್ಲ. ಘಾಟಿ ಹತ್ತಿ ಬರುವಷ್ಟು ಮಾತ್ರ ಇಟ್ಟುಕೊಂಡು, ಮೇಲೆ ಬಂದ ಮೇಲೆ ತುಂಬಿಸಿ. ತುಂಬಿಸಿದ ಕೂಡಲೇ ಗಾಡಿ ನಿಲ್ಲಿಸಬೇಡಿ. ಪೈಪು, ಫಿಲ್ಟರ್‌ನಲ್ಲಿ ಇನ್ನೂ ಹಳೇ ಡೀಸೆಲ್ಲೇ ಇರುತ್ತದೆ. 15-20 ಕಿಲೋಮೀಟರ್ ಓಡಿಸಿ ಆಮೇಲೆ ನಿಲ್ಲಿಸಿ. ಒಮ್ಮೆ ಮೇಣ ಕಟ್ಟಿದ ಮೇಲೆ ಯಾವ ಒಳ್ಳೆಯ ಡೀಸೆಲ್ ಸುರಿದರೂ ಅದು ಕರಗುವುದಿಲ್ಲ. ಬಿಸಿಯೇ ಬೇಕು.

ಸೀಮೆಎಣ್ಣೆ ಬೆರೆಸುವ ಹಳೇ ಉಪಾಯ ಅನೇಕರಿಗೆ ಗೊತ್ತು. ಮೇಣ ಕಟ್ಟುವುದು ಕಡಿಮೆಯಾಗುತ್ತದೆ ಅನ್ನುವುದು ನಿಜ. ಆದರೆ ಈಗಿನ ಪಂಪ್, ಇಂಜೆಕ್ಟರ್‌ಗಳಿಗೆ ಡೀಸೆಲ್ಲೇ ಜಾರೆಣ್ಣೆ. ಸೀಮೆಎಣ್ಣೆಗೆ ಆ ಜಿಡ್ಡು ಇಲ್ಲ. ಬಿಎಸ್-6 (ಹೊಗೆ ಮಾಲಿನ್ಯದ ಹೊಸ ನಿಯಮಕ್ಕೆ ತಕ್ಕ) ಗಾಡಿಯಲ್ಲಂತೂ ಈ ಸಾಹಸ ಬೇಡವೇ ಬೇಡ.

ಸಂಜೆ ನಿಲ್ಲಿಸುವಾಗ

ಗಾಳಿ ಬೀಸುವ ಕಡೆಗೆ ಎಂಜಿನ್ ಮುಖ ಮಾಡಿ ನಿಲ್ಲಿಸಬೇಡಿ. ಗೋಡೆಯ ಮರೆ ಸಿಕ್ಕರೆ ಒಳ್ಳೆಯದು, ಬೆಳಗಿನ ಬಿಸಿಲು ಮೊದಲು ಬೀಳುವ ಜಾಗವಾದರೆ ಇನ್ನೂ ಒಳ್ಳೆಯದು. ಡೀಸೆಲ್‌ನಿಂದ ನೀರು ಬೇರ್ಪಡಿಸುವ ವಾಟರ್ ಸೆಪರೇಟರ್‌ನಲ್ಲಿ ನಿಂತ ನೀರನ್ನು ಹೊರಬಿಡಿ. ಏರ್ ಬ್ರೇಕ್ ಟ್ಯಾಂಕ್‌ಗಳ ಅಡಿಯ ವಾಲ್ವ್ ಎಳೆದು ಅಲ್ಲಿನ ತೇವವನ್ನೂ ಹೊರಹಾಕಿ. ರಾತ್ರಿ ಅದೇ ಮಂಜುಗಡ್ಡೆಯಾಗಿ ಬ್ರೇಕ್ ಲೈನ್ ಮುಚ್ಚುತ್ತದೆ. ಟೈರ್‌ಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ.

ಬ್ಯಾಟರಿ ಫುಲ್ ಚಾರ್ಜ್ ಇದ್ದರೆ ಮೈನಸ್ 50ಕ್ಕೂ ಹೆದರುವುದಿಲ್ಲ. ಖಾಲಿಯಾದ ಬ್ಯಾಟರಿ ಮೈನಸ್ 10ರ ಆಸುಪಾಸಿನಲ್ಲೇ ಹೆಪ್ಪುಗಟ್ಟಿ ಒಡೆಯಬಹುದು. ಸಂಶಯವಿದ್ದರೆ ಬಿಚ್ಚಿ ಕೋಣೆಯೊಳಗೆ ಇಟ್ಟುಕೊಳ್ಳಿ. ಭಾರ ನಿಜ, ಬೆಳಿಗ್ಗೆ ಲಾರಿ ತಳ್ಳುವಷ್ಟಲ್ಲ.

ಕೂಲೆಂಟ್ ವಿಷಯದಲ್ಲಿ ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಅನ್ನುವುದು ತಪ್ಪು. ಅರ್ಧ ನೀರು, ಅರ್ಧ ಗ್ಲೈಕಾಲ್ (ನೀರು ಹೆಪ್ಪುಗಟ್ಟದಂತೆ ಬೆರೆಸುವ ದ್ರವ) ಬೆರೆತಾಗ ಮೈನಸ್ 37ರವರೆಗೆ ತಡೆಯುತ್ತದೆ. ಬರೀ ಗ್ಲೈಕಾಲ್ ಮೈನಸ್ 13ಕ್ಕೇ ಗಟ್ಟಿಯಾಗುತ್ತದೆ! ಎಂಜಿನ್ ಆಯಿಲ್‌ನಲ್ಲಿ 15ಡಬ್ಲ್ಯು (ಚಳಿಯಲ್ಲಿ ಆಯಿಲ್ ಎಷ್ಟು ತೆಳುವಾಗಿರುತ್ತದೆ ಎಂಬ ಗುರುತು, ಅಂಕಿ ಕಡಿಮೆಯಾದಷ್ಟೂ ತೆಳು) ಇದ್ದದ್ದು ಮೈನಸ್ 20ರ ಹೊತ್ತಿಗೆ ಕೈಕೊಡಲು ಶುರುಮಾಡುತ್ತದೆ. ನಿಮ್ಮ ಎಂಜಿನ್‌ಗೆ ಕಂಪನಿ ಒಪ್ಪಿದ್ದರೆ 5ಡಬ್ಲ್ಯು ಹಾಕಿಸಿ.

ಬೆಳಿಗ್ಗೆ

ಕೀ ತಿರುಗಿಸಿ, ಸೆಲ್ಫ್ ಮಾತ್ರ ಈಗಲೇ ಬೇಡ. ಡ್ಯಾಶ್‌ಬೋರ್ಡ್‌ನಲ್ಲಿ ಸುರುಳಿಯಂಥ ಹಳದಿ ದೀಪ ಹತ್ತುತ್ತದೆ. ಅದು ಸ್ಟಾರ್ಟ್‌ಗೆ ಮುಂಚೆ ಎಂಜಿನ್ ಒಳಗೆ ಬಿಸಿಮಾಡುವ ಹೀಟರ್ ಕೆಲಸ ಮಾಡುತ್ತಿರುವ ಗುರುತು. ಆರುವವರೆಗೆ ಕಾಯಿರಿ. ಚಳಿ ಜಾಸ್ತಿ ಇದ್ದರೆ ಕೀ ಆಫ್ ಮಾಡಿ ಇನ್ನೊಮ್ಮೆ ಬಿಸಿ ಮಾಡಿ. ಲೈಟು, ಬ್ಲೋವರ್, ಹಾಡು ಎಲ್ಲ ಬಂದ್. ನ್ಯೂಟ್ರಲ್‌ನಲ್ಲಿಟ್ಟು ಕ್ಲಚ್ ಪೂರ್ತಿ ಒತ್ತಿ. ಗೇರ್‌ಬಾಕ್ಸ್ ಆಯಿಲೂ ಗಟ್ಟಿಯಾಗಿರುವುದರಿಂದ ಅದನ್ನೂ ತಿರುಗಿಸುವ ಭಾರ ಸೆಲ್ಫ್ ಮೇಲೆ ಬೀಳಬಾರದು. 10-15 ಸೆಕೆಂಡ್ ಹೊಡೆಯಿರಿ. ಆಗಲಿಲ್ಲವೇ? ಎರಡು ನಿಮಿಷ ಬಿಟ್ಟು ಮತ್ತೆ. ಹಠ ಹಿಡಿದು ಒಂದೇ ಸಮ ಹೊಡೆದರೆ ಸೆಲ್ಫ್ ಮೋಟಾರ್ ಸುಟ್ಟುಹೋಗುತ್ತದೆ.

ಈಗ ಸೈಲೆನ್ಸರ್ ಕಡೆ ನೋಡಿ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಎಂಜಿನ್ ತಲುಪುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ ಅಷ್ಟೇ. ಹೀಟರ್ ಮತ್ತೆ ಹಾಕಿ ಪ್ರಯತ್ನಿಸಿ. ಹೊಗೆಯೇ ಇಲ್ಲವೆಂದರೆ ಡೀಸೆಲ್ ಬರುತ್ತಲೇ ಇಲ್ಲ. ಫಿಲ್ಟರ್‌ಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿ, ನಾಲ್ಕೈದು ಸಲ ಬದಲಾಯಿಸಿ. ಕೊಬ್ಬರಿ ಎಣ್ಣೆ ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿಟ್ಟ ಹಾಗೆಯೇ ಇದು. ಆಮೇಲೆ ಡೀಸೆಲ್ ಲೈನಿನ ಹ್ಯಾಂಡ್ ಪಂಪ್ ಒತ್ತಿ ಒಳಗೆ ಸೇರಿದ ಏರ್ ತೆಗೆಯಿರಿ. ಟ್ಯಾಂಕಿನ ಕೆಳಗೆ ಬೆಂಕಿ ಹಾಕುವ ಡ್ರೈವರ್‌ಗಳಿದ್ದಾರೆ. ದಯವಿಟ್ಟು ಬೇಡ, ಪ್ಲಾಸ್ಟಿಕ್ ಪೈಪು, ವೈರು ಎಲ್ಲ ಅಲ್ಲೇ ಇರುತ್ತವೆ. ಹೀಟರ್ ಇರುವ ಎಂಜಿನ್‌ಗೆ ಥಟ್ಟನೆ ಹೊತ್ತಿಕೊಳ್ಳುವ ಈಥರ್ ಸ್ಪ್ರೇ ಹೊಡೆಯುವುದೂ ಅಷ್ಟೇ ಅಪಾಯ. ಕಾದ ಹೀಟರ್‌ಗೆ ತಾಗಿ ಸ್ಫೋಟವೇ ಆಗಬಹುದು.

ಸ್ಟಾರ್ಟ್ ಆಯ್ತು, ಎಷ್ಟು ಹೊತ್ತು ಐಡ್ಲಿಂಗ್?

ಮೂರರಿಂದ ಐದು ನಿಮಿಷ. ತೀರಾ ಚಳಿಯಿದ್ದರೆ ಇನ್ನೊಂದೈದು. ಆಯಿಲ್ ಪ್ರೆಷರ್ ಬರುವವರೆಗೆ ರೇಸ್ ಮಾಡಬೇಡಿ. ಟರ್ಬೋಗೆ ಆಯಿಲ್ ತಲುಪಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಸಣ್ಣ ಗೇರ್‌ನಲ್ಲಿ ನಿಧಾನ ಹೊರಡಿ. ಡೀಸೆಲ್ ಎಂಜಿನ್ ನಿಂತಲ್ಲೇ ಬಿಸಿಯಾಗುವುದಿಲ್ಲ. ಐಡ್ಲಿಂಗ್‌ನಲ್ಲಿ ಉರಿಯುವ ಡೀಸೆಲ್ ಅತ್ಯಲ್ಪ, ಒಳಗೆ ಹೋಗುವ ತಣ್ಣನೆ ಗಾಳಿ ಮಾತ್ರ ಧಾರಾಳ. ಭಾರ ಬಿದ್ದರೆ ತಾನೇ ಮೈ ಬಿಸಿಯಾಗುವುದು!

ರಾತ್ರಿಯಿಡೀ ಸ್ಟಾರ್ಟ್‌ನಲ್ಲೇ ಬಿಡುವುದು ನನ್ನ ಪ್ರಕಾರ ಕೊನೇ ಉಪಾಯ. ದೊಡ್ಡ ಲಾರಿಯಾದರೆ ಗಂಟೆಗೆ ಸುಮಾರು ಮೂರು ಲೀಟರ್, ಹತ್ತು ಗಂಟೆಗೆ 30 ಲೀಟರ್ ಹೋಗಬಹುದು. ಖರ್ಚಿನ ಮಾತು ಬಿಡಿ, ಪೂರ್ತಿ ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿದು ಎಂಜಿನ್ ಆಯಿಲ್‌ಗೇ ಸೇರುತ್ತದೆ. ಬಿಎಸ್-6 ಗಾಡಿಯಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಐಡ್ಲಿಂಗ್ ಅನ್ನು 1,000 ಆರ್‌ಪಿಎಂಗೆ ಏರಿಸಿ, ರೇಡಿಯೇಟರ್ ಮುಂದೆ ಅರ್ಧ ಮುಚ್ಚುವಂತೆ ರಟ್ಟು ಕಟ್ಟಿ. ಹೊರಟ ಮೇಲೆ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ, ಏರಿದರೆ ರಟ್ಟು ತೆಗೆಯಿರಿ.

ಕ್ಯಾಬಿನ್‌ನಲ್ಲಿ ಮಲಗುವವರು ಸೈಲೆನ್ಸರ್ ಸುತ್ತ ಹಿಮ ತುಂಬದಂತೆ ಆಗಾಗ ಬಿಡಿಸಲೇಬೇಕು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ, ಅದು ಒಳಗೆ ಬಂದರೆ ನಿದ್ದೆಯಲ್ಲೇ ಜೀವ ಹೋಗುತ್ತದೆ. ಕಿಟಕಿ ಮುಚ್ಚಿ ಒಳಗೆ ಕೆಂಡದ ಒಲೆ ಇಟ್ಟುಕೊಂಡರೂ ಅದೇ ಗತಿ.

ಯೂರಿಯಾ ಟ್ಯಾಂಕ್ (ಹೊಗೆ ಶುದ್ಧಮಾಡುವ ದ್ರವದ ಟ್ಯಾಂಕ್) ಇರುವ ಗಾಡಿಯವರು ಒಂದು ವಿಷಯಕ್ಕೆ ಗಾಬರಿಯಾಗಬೇಡಿ. ಆ ದ್ರವ ಮೈನಸ್ 11ಕ್ಕೇ ಹೆಪ್ಪುಗಟ್ಟುತ್ತದೆ. ಆದರೂ ಎಂಜಿನ್ ಸ್ಟಾರ್ಟ್ ಆಗುತ್ತದೆ, ಬಿಸಿಯಾದ ಮೇಲೆ ಟ್ಯಾಂಕಿನ ಹೀಟರ್ ಅದನ್ನು ಕರಗಿಸುತ್ತದೆ. ಕರಗಲಿ ಎಂದು ಅದಕ್ಕೆ ಬಿಸಿನೀರು ಬೆರೆಸಬೇಡಿ. ಹೆಪ್ಪುಗಟ್ಟಿದಾಗ ಹಿಗ್ಗಲು ಜಾಗ ಬೇಕು, ಹಾಗಾಗಿ ಬಾಯಿವರೆಗೆ ತುಂಬಿಸಲೂ ಬೇಡಿ.