ತಳ ಸೀಯದೆ, ಮೇಲೆ ಒಣಗದೆ: ಮನೆಯಲ್ಲೇ ದಮ್ ಬಿರಿಯಾನಿ

ಮನೆಯಲ್ಲಿ ದಮ್ ಬಿರಿಯಾನಿ ಮಾಡಿದವರ ದೂರು ಸಾಮಾನ್ಯವಾಗಿ ಒಂದೇ. ತಳ ಸೀದಿರುತ್ತದೆ, ನಡುವೆ ಮುದ್ದೆಯಾಗಿರುತ್ತದೆ, ಮೇಲಿನ ಅನ್ನ ಗಟ್ಟಿಯಾಗಿಯೇ ಉಳಿದಿರುತ್ತದೆ. ಅಷ್ಟು ಖರ್ಚು ಮಾಡಿ, ಅಷ್ಟು ಹೊತ್ತು ನಿಂತು ಮಾಡಿದ ಅಡುಗೆ ಹೀಗಾದರೆ ಬೇಜಾರಾಗುತ್ತದೆ ಅಲ್ವಾ? ಅನ್ನ ಹೀಗೆ ಹದ ತಪ್ಪಲು ಒಂದು ಮುಖ್ಯ ಕಾರಣ, ಅದನ್ನೆಲ್ಲ ಒಂದೇ ಸಲ ಬಸಿಯುವುದು.

ಒಂದು ಕೆಜಿ ಕೋಳಿಗೆ 750 ಗ್ರಾಂ ಬಾಸುಮತಿ ಸಾಕು. ಹಳೆಯ ಅಕ್ಕಿಯೇ ಇರಲಿ, ಹೊಸದು ಬೇಗ ಅಂಟಿಕೊಳ್ಳುತ್ತದೆ. ತೊಳೆದು ಅರ್ಧ ಗಂಟೆ ನೆನೆಸಿ. ಕೋಳಿ ತುಂಡುಗಳು ಹೆಚ್ಚು ಕಡಿಮೆ ಒಂದೇ ಗಾತ್ರದಲ್ಲಿರಲಿ. 250 ಗ್ರಾಂ ಗಟ್ಟಿ ಮೊಸರು, ಶುಂಠಿ-ಬೆಳ್ಳುಳ್ಳಿ, ಖಾರದ ಪುಡಿ, ಗರಂ ಮಸಾಲೆ, ಉಪ್ಪು, ಪುದೀನ, ಹುರಿದ ಈರುಳ್ಳಿ ಹಾಕಿ ಕಲಸಿ ಎರಡು ಗಂಟೆ ಫ್ರಿಜ್‌ನಲ್ಲಿಡಿ. ಮೊದಲ ಸಲ ಮಾಡುವವರು ಇದನ್ನು ದಪ್ಪ ತಳದ ಅಗಲ ಪಾತ್ರೆಯಲ್ಲಿ ಹತ್ತು ನಿಮಿಷ ಬೇಯಿಸಿಕೊಳ್ಳುವುದೇ ಒಳ್ಳೆಯದು. ತಳದಲ್ಲಿ ಸ್ವಲ್ಪ ಗ್ರೇವಿ ಉಳಿದಿರಬೇಕು. ಹಬೆ ಏಳುವುದು ಅದರಿಂದಲೇ. ಪೂರ್ತಿ ಒಣಗಿಸಿದರೆ ತಳ ಹಿಡಿಯುತ್ತದೆ.

ಈಗ ಅನ್ನ. ದೊಡ್ಡ ಪಾತ್ರೆಯಲ್ಲಿ ನಾಲ್ಕು ಲೀಟರ್ ನೀರು ಕುದಿಸಿ. ಬಾಯಿಗೆ ಹಾಕಿದರೆ ಉಪ್ಪುಪ್ಪಾಗಿ ಇರುವಷ್ಟು ಉಪ್ಪು ಹಾಕಿ ಅಕ್ಕಿ ಬಿಡಿ. ನಾಲ್ಕು ನಿಮಿಷದ ನಂತರ ಒಂದು ಅಗುಳು ತೆಗೆದು ಉಗುರಿನಲ್ಲಿ ಮುರಿಯಿರಿ. ಹೊರಗೆ ಮೆತ್ತಗಾಗಿ, ಒಳಗೆ ಬಿಳಿ ನಡು ದಪ್ಪವಾಗಿ ಕಂಡರೆ ಅರ್ಧ ಬೆಂದಿದೆ. ಆಗಲೇ ಜಾಲರಿ ಸೌಟಿನಿಂದ ಅರ್ಧ ಅನ್ನ ಎತ್ತಿ ಕೋಳಿಯ ಮೇಲೆ ಹರಡಿ. ಉಳಿದದ್ದು ಇನ್ನೆರಡು ನಿಮಿಷ ಕುದಿಯಲಿ. ಬಿಳಿ ನಡು ಸಣ್ಣ ಚುಕ್ಕಿಯಾದ ಮೇಲೆ ಬಸಿದು ಮೇಲಿನ ಪದರಕ್ಕೆ ಹಾಕಿ. ಕೆಳಗಿನ ಅನ್ನ ಗ್ರೇವಿಯ ಪಕ್ಕದಲ್ಲೇ ಇರುವುದರಿಂದ ಹಬೆಯನ್ನೂ ನೀರನ್ನೂ ಜಾಸ್ತಿ ಕುಡಿಯುತ್ತದೆ. ಮೇಲಿನದಕ್ಕೆ ಅಷ್ಟು ಸಿಗುವುದಿಲ್ಲ. ಹೀಗೆ ಎರಡು ಸಲ ತೆಗೆದರೆ ಕೊನೆಗೆ ಎರಡೂ ಒಂದೇ ಹದಕ್ಕೆ ಬರುತ್ತವೆ.

ನಿಮಿಷದ ಲೆಕ್ಕಕ್ಕಿಂತ ಅಗುಳನ್ನೇ ನಂಬಿ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ 1,000 ಮೀಟರ್‌ಗೂ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 96-97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನ ನೆಂಟರು ಹೇಳಿದ ಹೊತ್ತಿಗಿಂತ ನಮ್ಮಲ್ಲಿ ಅಕ್ಕಿಗೂ ದಮ್‌ಗೂ ಸ್ವಲ್ಪ ಹೆಚ್ಚು ಸಮಯ ಹಿಡಿಯುತ್ತದೆ.

ಮೇಲೆ ತುಪ್ಪ, ಕೇಸರಿ ಹಾಲು, ಹುರಿದ ಈರುಳ್ಳಿ ಹಾಕಿ. ಮುಚ್ಚಳದ ಅಂಚಿಗೆ ಚಪಾತಿ ಹಿಟ್ಟು ಮೆತ್ತಿ. ಮಧ್ಯಮ ಉರಿಯಲ್ಲಿ ಆರೇಳು ನಿಮಿಷ ಇಡಿ. ಮುಚ್ಚಳದ ಮೇಲೆ ನೀರು ಚಿಮುಕಿಸಿದರೆ ಚುರ್ ಎನ್ನಬೇಕು. ಆಮೇಲೆ ಪಾತ್ರೆಯ ಕೆಳಗೆ ದಪ್ಪ ಕಾವಲಿ ಇಟ್ಟು ಸಣ್ಣ ಉರಿಯಲ್ಲಿ 25 ನಿಮಿಷ ಬಿಡಿ. ಗ್ಯಾಸ್ ಉರಿ ನಡುವಿಗೇ ಜಾಸ್ತಿ ತಾಗುತ್ತದೆ, ಕಾವಲಿ ಅದನ್ನು ಅಂಚಿನವರೆಗೆ ಹರಡುತ್ತದೆ. ನಡುವೆ ಒಂದೆರಡು ಸಲ ಪಾತ್ರೆಯನ್ನು ಸ್ವಲ್ಪ ತಿರುಗಿಸಿ.

ತೋಟದ ಮನೆಯಲ್ಲಿ ಸೌದೆ ಒಲೆ ಇದ್ದರೆ ಇನ್ನೂ ಒಳ್ಳೆಯದು. ಕಾಫಿ ಕಟ್ಟಿಗೆಯ ಉರಿ ಹಿಂದಕ್ಕೆಳೆದು, ಕೆಳಗೆ ಸ್ವಲ್ಪವೇ ಕೆಂಡ ಉಳಿಸಿ, ಹೆಚ್ಚಿನದನ್ನು ಮುಚ್ಚಳದ ಮೇಲೆ ಹಾಕಿ. ಮೇಲಿನಿಂದಲೂ ಕಾವು ಬಂದರೆ ಮೇಲಿನ ಅನ್ನ ಹಿಂದೆ ಬೀಳುವುದಿಲ್ಲ. ಗ್ಯಾಸಿನಲ್ಲಿ ಈ ರುಚಿ ಬರುವುದು ಕಷ್ಟ.

ಮಾಂಸ ಬೇಡದವರು ಎಳೆ ಹಲಸಿನ ಗುಜ್ಜೆಯಲ್ಲೂ ಹೀಗೇ ಮಾಡಬಹುದು. ಗುಜ್ಜೆಯನ್ನು ಮೊದಲೇ ಮುಕ್ಕಾಲು ಬೇಯಿಸಿಕೊಳ್ಳಿ.

ಒಲೆ ಆರಿಸಿ 15 ನಿಮಿಷ ಮುಚ್ಚಳ ತೆಗೆಯಬೇಡಿ. ಬಡಿಸುವಾಗ ಕಲಕದೆ, ಅಂಚಿನಿಂದ ಸೌಟು ತಳದವರೆಗೆ ಇಳಿಸಿ ಎತ್ತಿ. ಮೂಳೆಯ ಹತ್ತಿರ ಇನ್ನೂ ಕೆಂಪು ಕಂಡರೆ ಎರಡು ಚಮಚ ಬಿಸಿನೀರು ಚಿಮುಕಿಸಿ, ಮುಚ್ಚಿ, ಕಾವಲಿಯ ಮೇಲೆ ಇನ್ನು ಹತ್ತು ನಿಮಿಷ ಇಡಿ. ಅಷ್ಟರಲ್ಲಿ ಮೊಸರು ಬಜ್ಜಿ ಮಾಡಿಕೊಳ್ಳಬಹುದು.