ಇಂಜಿನ್ ಲೈಟ್ ಹೊತ್ತಿತೇ? ಅಳಿಸುವ ಮೊದಲು ಕೋಡ್ ಬರೆದಿಟ್ಟುಕೊಳ್ಳಿ

ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ ಹೊತ್ತಿದಾಗ ಜನ ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು ಅದನ್ನು ಕಂಡೂ ಕಾಣದಂತೆ ತಿಂಗಳುಗಟ್ಟಲೆ ಗಾಡಿ ಓಡಿಸುತ್ತಾರೆ. ಇನ್ನು ಕೆಲವರು ಅವತ್ತೇ ಒಂದು ಸೆನ್ಸರ್ ಬದಲಿಸಿ, ದೀಪ ಮತ್ತೆ ಹೊತ್ತಿದಾಗ ಇನ್ನೊಂದನ್ನು ಬದಲಿಸುತ್ತಾರೆ. ಎರಡೂ ದುಬಾರಿ ದಾರಿಗಳು. ದೋಷ ಕಂಡಾಗ ಗಾಡಿಯ ಕಂಪ್ಯೂಟರ್ ಈ ದೀಪ ಹೊತ್ತಿಸಿ, ಒಂದು ಕೋಡ್ (ದೋಷದ ಸಂಕೇತ) ದಾಖಲಿಸುತ್ತದೆ.

1. ಬಣ್ಣ ನೋಡಿ. ಆಯಿಲ್ ಕ್ಯಾನ್ ಅಥವಾ ಥರ್ಮಾಮೀಟರ್ ಗುರುತಿನ ಕೆಂಪು ದೀಪವಾದರೆ ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಬಿಸಿ ಆರುವವರೆಗೆ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ. ಮುಂದಿನದೆಲ್ಲ ಹಳದಿ ದೀಪದ ಮಾತು.

2. ಮಿನುಗುತ್ತಿದೆಯೇ, ಒಂದೇ ಸಮನೆ ಉರಿಯುತ್ತಿದೆಯೇ? ಒಂದೇ ಸಮನೆ ಉರಿಯುತ್ತಿದ್ದು, ಗಾಡಿ ಎಂದಿನಂತೆ ಓಡುತ್ತಿದ್ದರೆ ನಿಧಾನವಾಗಿ ಮನೆ ಸೇರಬಹುದು. ಮಿನುಗುತ್ತಿದ್ದರೆ ಸಾಮಾನ್ಯವಾಗಿ ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿರುವುದು) ಜೋರಾಗಿದೆ ಎಂದರ್ಥ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಅದರೊಳಗಿನ ಜೇನುಗೂಡಿನಂಥ ಸೆರಾಮಿಕ್ ಕರಗಿಹೋಗಬಹುದು. ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಮಿನುಗು ನಿಲ್ಲದಿದ್ದರೆ ಗಾಡಿಯನ್ನು ಟೋ ಮಾಡಿಸಿ, ಓಡಿಸಬೇಡಿ.

3. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಟಕ್ ಎನ್ನುವವರೆಗೆ ತಿರುಗಿಸಿ. ಕೆಲವು ಗಾಡಿಗಳಲ್ಲಿ ಅದು ಸಡಿಲವಿದ್ದರೂ ದೀಪ ಹೊತ್ತಬಹುದು. ಬಿಗಿ ಮಾಡಿದ ತಕ್ಷಣ ಆರುವುದಿಲ್ಲ, ಕೆಲವು ದಿನ ಓಡಿಸಿ ನೋಡಿ.

4. ಕೋಡ್ ಓದಿ. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ. ಸಾಮಾನ್ಯವಾಗಿ ಸ್ಟೇರಿಂಗ್ ಕೆಳಭಾಗದಲ್ಲಿ 16 ಪಿನ್ನಿನ ಒಬಿಡಿ (ಗಾಡಿಯ ದೋಷ ತಪಾಸಣೆಯ) ಸಾಕೆಟ್ ಇರುತ್ತದೆ. ಅದಕ್ಕೆ ಕೋಡ್ ಓದುವ ಸ್ಕ್ಯಾನರ್ ಚುಚ್ಚಿ, ಇಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ. ಬಂದ ಕೋಡ್‌ಗಳನ್ನೆಲ್ಲ ಬರೆದುಕೊಳ್ಳಿ. ಜೊತೆಗೆ ‘ಫ್ರೀಜ್ ಫ್ರೇಮ್’ ವಿವರದ ಫೋಟೊ ತೆಗೆಯಿರಿ: ದೋಷ ದಾಖಲಾದ ಹೊತ್ತಿಗೆ ವೇಗ, ಆರ್‌ಪಿಎಂ, ಇಂಜಿನ್ ಬಿಸಿ ಎಷ್ಟಿತ್ತು ಎಂಬುದು ಅದರಲ್ಲಿರುತ್ತದೆ. ಕೋಡ್ ಅಳಿಸಿದರೆ ಇದೂ ಅಳಿಸಿಹೋಗುತ್ತದೆ. ಬ್ಯಾಟರಿ ವೈರ್ ಕಿತ್ತು ದೀಪ ಆರಿಸುವ ಉಪಾಯ ಹೇಳಿಕೊಡುವವರ ಮಾತು ಕೇಳಬೇಡಿ. ದೋಷ ಅಲ್ಲೇ ಉಳಿದು, ಸುಳಿವು ಮಾತ್ರ ಹೋಗುತ್ತದೆ.

ಕೋಡ್ ಹೇಳುವುದು ಕಂಪ್ಯೂಟರ್ ಏನನ್ನು ಗಮನಿಸಿತು ಎಂದಷ್ಟೇ. ಯಾವ ಭಾಗ ಕೆಟ್ಟಿದೆ ಎಂದಲ್ಲ. ಪಿ0171 ಎಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಈ ಸುದ್ದಿ ಕೊಡುವುದು ಆಕ್ಸಿಜನ್ ಸೆನ್ಸರ್. ಜನ ಅದನ್ನೇ ಕಿತ್ತು ಹೊಸದು ಹಾಕುತ್ತಾರೆ! ನಿಜವಾದ ಕಾರಣ ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪ್, ಕೊಳೆಯಾದ ಏರ್‌ಫ್ಲೋ ಸೆನ್ಸರ್ ಅಥವಾ ಸೋತ ಫ್ಯೂಯೆಲ್ ಪಂಪ್ ಇರಬಹುದು. ಪಿ0420 (ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಕೋಡ್) ಬಂದಾಗಲೂ ಕನ್ವರ್ಟರ್ ಬದಲಿಸುವ ಮೊದಲು ಎಗ್ಸಾಸ್ಟ್ ಪೈಪ್ ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಿಸಿ.

ಪಿ0302 ಎಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಸಿಲಿಂಡರಿಗೊಂದು ಇಗ್ನಿಷನ್ ಕಾಯಿಲ್ (ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಇರುವ ಗಾಡಿಯಾದರೆ ಇದಕ್ಕೆ ಸುಲಭ ಪರೀಕ್ಷೆಯಿದೆ. ಇಂಜಿನ್ ಆಫ್ ಮಾಡಿ, ಆರಿದ ಮೇಲೆ, ಎರಡನೇ ಕಾಯಿಲನ್ನು ಮೂರಕ್ಕೂ ಮೂರನೆಯದನ್ನು ಎರಡಕ್ಕೂ ಹಾಕಿ. ಬರೆದಿಟ್ಟುಕೊಂಡ ಕೋಡನ್ನು ಈಗ ಅಳಿಸಿ, ಮತ್ತೆ ಸ್ಟಾರ್ಟ್ ಮಾಡಿ ನೋಡಿ. ಪಿ0303 ಬಂದರೆ ಕಾಯಿಲ್ ಕೆಟ್ಟಿದೆ. ಪಿ0302ವೇ ಬಂದರೆ ಸ್ಪಾರ್ಕ್ ಪ್ಲಗ್, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಕಡೆ ನೋಡಿ.

ಸ್ಕ್ಯಾನರ್ ಕೊಳ್ಳುವುದಾದರೆ ವೈರ್ ಇರುವ, ತನ್ನದೇ ಪರದೆಯ ಸಾದಾ ಸ್ಕ್ಯಾನರ್ ಕೊಳ್ಳಿ. ತೀರಾ ಅಗ್ಗದ ಬ್ಲೂಟೂತ್ ಅಡಾಪ್ಟರುಗಳು ಅರ್ಧದಲ್ಲೇ ಸಂಪರ್ಕ ಕಡಿದುಕೊಳ್ಳುತ್ತವೆ. ಕೀ ತೆಗೆದರೂ ಆ ಸಾಕೆಟ್ಟಿಗೆ ಕರೆಂಟ್ ಬರುತ್ತಲೇ ಇರುವುದರಿಂದ, ಚುಚ್ಚಿಟ್ಟು ಮರೆತರೆ ಬ್ಯಾಟರಿ ಖಾಲಿ. ಪೆಟ್ರೋಲಿಗೆ ಸುರಿದರೆ ಇಂಜಿನ್ ಲೈಟ್ ಆರುತ್ತದೆ ಎಂದು ಮಾರುವ ಬಾಟಲಿಗಳನ್ನು ಮುಟ್ಟಲೇಬೇಡಿ. ಬಿರುಕುಬಿಟ್ಟ ಪೈಪನ್ನು ಯಾವ ದ್ರಾವಣವೂ ಬೆಸೆಯುವುದಿಲ್ಲ.

5. ಮೆಕ್ಯಾನಿಕ್‌ಗೆ ಕೋಡ್, ಫೋಟೊ ಎರಡನ್ನೂ ತೋರಿಸಿ. ‘ಯಾವ ಪರೀಕ್ಷೆ ಮಾಡಿ ಈ ಭಾಗ ಕೆಟ್ಟಿದೆ ಎಂದಿರಿ?’ ಎಂದು ಕೇಳಿ. ಉತ್ತರ ಬರದಿದ್ದರೆ ಭಾಗ ಬದಲಿಸಲು ಒಪ್ಪಬೇಡಿ.

6. ರಿಪೇರಿಯಾದ ಮೇಲೆ ಕೋಡ್ ಅಳಿಸಿ. ಕಂಪ್ಯೂಟರ್ ತನ್ನ ತಪಾಸಣೆಗಳನ್ನು ಮೊದಲಿನಿಂದ ಮಾಡಬೇಕಾದ್ದರಿಂದ ಕೆಲವು ದಿನ ಊರೊಳಗೂ ಹೆದ್ದಾರಿಯಲ್ಲೂ ಓಡಿಸಿ. ಆಮೇಲೂ ದೀಪ ಹೊತ್ತದಿದ್ದರೆ ಕೆಲಸ ಸರಿಯಾಗಿದೆ.

ಹಳೆ ಕಾರು ಕೊಳ್ಳುವಾಗಲೂ ಈ ದೀಪ ನೋಡಿ. ಕೀ ಆನ್ ಮಾಡಿದಾಗ ಹೊತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತಲೇ ಇಲ್ಲವೆಂದರೆ ಯಾರೋ ಅದನ್ನು ಕಿತ್ತಿರಬಹುದು. ಸ್ಕ್ಯಾನ್ ಮಾಡಿಸದೆ ಮುಂಗಡ ಕೊಡಬೇಡಿ.