ಬೀದಿಯವರೆಲ್ಲ ಕಸ ಬೇರೆ ಮಾಡುವಂತೆ ಮಾಡುವುದು ಹೇಗೆ?
ಬೆಂಗಳೂರಿಗೆ ನಿಯಮ ಈಗಾಗಲೇ ಇದೆ: ಎರಡು ಡಬ್ಬಿ, ಒಂದು ಚೀಲ. 2015ರಲ್ಲಿ ಹೈಕೋರ್ಟೇ ಹೇಳಿದ್ದು. ಹಸಿರು ಡಬ್ಬಿಗೆ ಹಸಿ ಕಸ, ಕೆಂಪಿಗೆ ಪ್ಯಾಡ್, ಡೈಪರ್, ಚೀಲಕ್ಕೆ ಒಣ ಕಸ. ಈ ನಿಯಮವನ್ನು ಮನೆಯೊಳಗೆ ತರಬೇಕಾದವರು ನಾವೇ.

ಮೊದಲು ಕಸದ ಗಾಡಿಯವರನ್ನು ಮಾತಾಡಿಸಿ. ನಮ್ಮ ಬೀದಿಗೆ ಬರುವ ಅಕ್ಕ ಹೇಳಿದ್ದಿಷ್ಟು: "ಪ್ಯಾಡನ್ನ ಪೇಪರಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಅಮ್ಮ, ಕೈಯಲ್ಲಿ ಬಿಚ್ಚೋರು ನಾವು." ಈ ಮಾತನ್ನೇ ಮನೆಮನೆಗೆ ಹೋಗಿ ಹೇಳಿ. ಸುಮ್ನೆ ನೋಟಿಸ್ ಅಂಟಿಸಿದರೆ ಯಾರೂ ಓದುವುದಿಲ್ಲ. ಮನೆಗೆಲಸದವರಿಗೂ ತೋರಿಸಿಕೊಡಿ, ಡಬ್ಬಿ ತುಂಬುವವರು ಅವರೇ ಅಲ್ವಾ?

ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಆ ಚೂರು ಯಾರ ಕೈಗೂ ಸಿಗುವುದಿಲ್ಲ. ಕವರು ತೊಳೆದು ಒಣಗಿಸಿ.

ಗಾಡಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಸುರಿದರೆ ಫೋಟೊ, ದಿನಾಂಕ ಸಮೇತ ವಾರ್ಡ್ ಆಫೀಸಿಗೆ ಬರೆದುಕೊಡಿ. ನಾಲ್ಕು ಮನೆಯವರ ಸಹಿ ಇರಲಿ.